ಗುಂಪಿನಲ್ಲಿ ಗೋವಿಂದ

'ಗುಂಪಿನಲ್ಲಿ ಗೋವಿಂದ' ಎಂಬ ಮಾತನ್ನು ಆಡದವರು ನಮ್ಮಲ್ಲಿ ಯಾರೂ ಇರಲಾರರು. ಭಜನೆಯಲ್ಲಿ ಹಾಡು ಬಾರದವನೂ ಎಲ್ಲರೂ 'ಗೋವಿಂದ' ಎಂದಾಗ ತಾನೂ ಒಮ್ಮೆ ಕೂಗಿ ಭಕ್ತರ ಸಾಲಿಗೆ ಸೇರಿಬಿಡುತ್ತಾನೆ. ಇದರಿಂದ ಯಾರಿಗೂ ನಷ್ಟವಿಲ್ಲ, ಗೋವಿಂದನೂ ಬೇಸರಪಡಲಾರ. ಆದರೆ ಗುಂಪು ಸುಮ್ಮನಿರುವಾಗ ತಾನೂ ಸುಮ್ಮನಿರುವುದು, ಗುಂಪು ನಗುವಾಗ ತಾನೂ ನಗುವುದು, ಇವೂ ಗುಂಪಿನಲ್ಲಿ ಗೋವಿಂದವೇ. ಇವುಗಳಿಂದ ನಷ್ಟವುಂಟು, ಆ ನಷ್ಟವನ್ನು ತೆರುವವನು ಮಾತ್ರ ಬೇರೊಬ್ಬ. ಈ ಎರಡು ತಪ್ಪುಗಳನ್ನೂ ನಾನು ಒಂದೇ ವರ್ಷದಲ್ಲಿ ಮಾಡಿದ್ದೇನೆ. ಅವುಗಳನ್ನು ಹೇಳಿಕೊಂಡು, ಅವುಗಳ ಬಗ್ಗೆ ನಾನು ಓದುತ್ತಿರುವ ಸಾಮಾಜಿಕ ಮನಶ್ಶಾಸ್ತ್ರ ಏನು ಹೇಳುತ್ತದೆಂಬುದನ್ನು ಸಹಪಾಠಿಗಳ ಮತ್ತು ಗುರುಗಳ ಮುಂದಿಡುವುದು ಈ ಲೇಖನದ ಉದ್ದೇಶ.

ಕಳೆದ ವರ್ಷ ಮಳೆಗಾಲದ ಒಂದು ಬೆಳಿಗ್ಗೆ ನಾವು ಕೆಲವರು ಬಸ್ ನಿಲ್ದಾಣದಲ್ಲಿ ಕಾಯುತ್ತಿದ್ದೆವು. ಕಂಬಕ್ಕೆ ಒರಗಿ ನಿಂತಿದ್ದ ಮುದುಕರೊಬ್ಬರು ಕೈಚೀಲದೊಡನೆ ಮೆಲ್ಲಗೆ ಜಾರಿ ನೆಲಕ್ಕೆ ಕುಳಿತರು; ಬಳಿಕ ಅವರ ತಲೆ ಒಂದು ಕಡೆಗೆ ವಾಲಿತು. ಅಲ್ಲಿ ನಲವತ್ತು ಜನರಾದರೂ ಇದ್ದರು. ಅವರಲ್ಲಿ ನಾವೇ ಎಂಟು ಮಂದಿ ವಿದ್ಯಾರ್ಥಿಗಳು. ನಾನು ಗೆಳೆಯನ ಮುಖ ನೋಡಿದೆ. ಅವನು ನನ್ನ ಮುಖ ನೋಡಿದ. ಯಾರೋ 'ಕುಡಿದಿರಬೇಕು' ಎಂದರು. ಆ ಮಾತು ನಮಗೆ ಎಷ್ಟು ಹಿತವಾಯಿತೆಂದರೆ, ಅದು ನಿಜವೇ ಸುಳ್ಳೇ ಎಂದು ಹತ್ತಿರ ಹೋಗಿ ನೋಡುವ ಗೋಜಿಗೆ ಯಾರೂ ಹೋಗಲಿಲ್ಲ. ಎರಡು ಮೂರು ನಿಮಿಷ ಹೀಗೆ ಕಳೆದಿರಬೇಕು. ಆಗ ಹೂವು ಮಾರುವ ಹೆಂಗಸೊಬ್ಬರು ಬುಟ್ಟಿಯನ್ನು ಬಿಟ್ಟು ಓಡಿಬಂದು, ಮುದುಕರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ನನ್ನ ಕಡೆ ಬೆರಳು ಮಾಡಿ, "ಏ ನೀಲಿ ಅಂಗಿ, ನಿಂತ್ಕೊಂಡು ಏನು ನೋಡ್ತೀಯಪ್ಪ? ನೀರು ತಗೊಂಬಾ. ಕನ್ನಡಕದ ಹುಡುಗ, ನೀನು ಹೋಗಿ ಆಟೋ ಕರಿ" ಎಂದರು. ನನ್ನ ಕಾಲಿಗೆ ಜೀವ ಬಂದದ್ದು ಆಗ. ಮುದುಕರಿಗೆ ಸಕ್ಕರೆ ಕಾಯಿಲೆಯಿತ್ತಂತೆ. ಬೆಳಗಿನಿಂದ ಏನೂ ತಿಂದಿರಲಿಲ್ಲ. ಆಸ್ಪತ್ರೆಯಲ್ಲಿ ಚೇತರಿಸಿಕೊಂಡು ಸಂಜೆಗೆ ಮನೆ ಸೇರಿದರು. ಅವರು ಕುಡಿದಿರಲಿಲ್ಲ.

ಎರಡನೆಯದು ನಮ್ಮ ತರಗತಿಯಲ್ಲಿಯೇ ನಡೆದದ್ದು. ಅಧ್ಯಾಪಕರು ಇನ್ನೂ ಬಂದಿರಲಿಲ್ಲ. ಒಬ್ಬ ಸಹಪಾಠಿಯ ಜಾತಿಯನ್ನೂ ಅವನಿಗೆ ಬರುವ ವಿದ್ಯಾರ್ಥಿವೇತನವನ್ನೂ ಸೇರಿಸಿ ಯಾರೋ ಒಂದು ಹಾಸ್ಯ ಮಾಡಿದರು. ಅದು ಇಲ್ಲಿ ಬರೆಯುವಂಥದಲ್ಲ. ಎಲ್ಲರೂ ನಕ್ಕರು. ನಾನೂ ನಕ್ಕೆ. ಅವನೂ ನಕ್ಕ. ಮರುದಿನದಿಂದ ಅವನು ತನ್ನ ನಾಲ್ಕನೆಯ ಬೆಂಚನ್ನು ಬಿಟ್ಟು ಕೊನೆಯ ಬೆಂಚಿಗೆ ಹೋದ. ಏಕೆ ಹೋದೆಯೆಂದು ನಾವಾರೂ ಕೇಳಲಿಲ್ಲ. ಏಕೆಂದರೆ ಉತ್ತರ ನಮಗೆಲ್ಲರಿಗೂ ಗೊತ್ತಿತ್ತು.

ನಾನು ಕೆಟ್ಟವನೇ? ನನ್ನ ತಾಯಿಯನ್ನು ಕೇಳಿದರೆ ಅಲ್ಲವೆನ್ನುತ್ತಾರೆ. ಅಂದು ನಿಲ್ದಾಣದಲ್ಲಿದ್ದ ನಲವತ್ತು ಜನರ ತಾಯಂದಿರನ್ನು ಕೇಳಿದರೂ ಇದೇ ಉತ್ತರ ಬಂದೀತು. ಹಾಗಾದರೆ ಒಬ್ಬೊಬ್ಬರಾಗಿ ಒಳ್ಳೆಯವರಾಗಿರುವ ನಲವತ್ತು ಮಂದಿ ಒಟ್ಟುಗೂಡಿದಾಗ ಕಲ್ಲುಗಂಬಗಳಾಗುವುದು ಹೇಗೆ? ಗುಂಪು ನಮ್ಮನ್ನು ದುಷ್ಟರನ್ನಾಗಿ ಮಾಡುವುದಕ್ಕಿಂತ ಹೆಚ್ಚಾಗಿ, ಪ್ರತಿಯೊಬ್ಬನೂ ಇನ್ನೊಬ್ಬನಿಗಾಗಿ ಕಾಯುವಂತೆ ಮಾಡುತ್ತದೆ ಎಂಬುದು ನನಗೆ ಓದಿನಿಂದ ಹೊಳೆದ ಉತ್ತರ. ಆದ್ದರಿಂದಲೇ ಮೊದಲು ಏಳುವ ಒಬ್ಬನ ಬೆಲೆ ನಾವೆಣಿಸಿದ್ದಕ್ಕಿಂತ ಬಹಳ ದೊಡ್ಡದು.

ನಗೆಯ ವಿಷಯವನ್ನೇ ಮೊದಲು ನೋಡೋಣ. 1950ರ ದಶಕದಲ್ಲಿ ಅಮೆರಿಕದ ಸ್ವಾರ್ಥ್‌ಮೋರ್ ಕಾಲೇಜಿನ ಸಾಲೊಮನ್ ಆಷ್ ಎಂಬ ಪ್ರಾಧ್ಯಾಪಕರು ಒಂದು ಸರಳವಾದ ಪ್ರಯೋಗ ನಡೆಸಿದರು. ಒಂದು ರಟ್ಟಿನ ಮೇಲೆ ಒಂದು ಗೆರೆ. ಇನ್ನೊಂದರ ಮೇಲೆ ಮೂರು ಗೆರೆಗಳು. ಮೂರರಲ್ಲಿ ಯಾವುದು ಮೊದಲಿನದಕ್ಕೆ ಸಮವೆಂದು ಹೇಳಬೇಕು. ಮಗುವೂ ಹೇಳಬಹುದಾದ ಉತ್ತರ. ಆದರೆ ಕೊಠಡಿಯಲ್ಲಿ ಕುಳಿತವರಲ್ಲಿ ಒಬ್ಬ ವಿದ್ಯಾರ್ಥಿ ಹೊರತು ಉಳಿದವರೆಲ್ಲರಿಗೂ ಪ್ರಾಧ್ಯಾಪಕರು ಮೊದಲೇ ಹೇಳಿಕೊಟ್ಟಿದ್ದರು. ಅವರೆಲ್ಲರೂ ಒಬ್ಬರಾದ ಮೇಲೊಬ್ಬರು ಒಂದೇ ತಪ್ಪು ಉತ್ತರವನ್ನು ಗಟ್ಟಿಯಾಗಿ ಹೇಳಿದರು. ಈಗ ಆ ಬಡಪಾಯಿಯ ಸರದಿ. ಒಂಟಿಯಾಗಿ ಉತ್ತರಿಸುವಾಗ ನೂರಕ್ಕೆ ಒಂದು ತಪ್ಪನ್ನೂ ಮಾಡದಿದ್ದ ಇಂಥ ವಿದ್ಯಾರ್ಥಿಗಳು ಗುಂಪಿನ ನಡುವೆ ನೂರಕ್ಕೆ ಸುಮಾರು 37 ಸಲ ಗುಂಪಿನ ತಪ್ಪನ್ನೇ ತಮ್ಮ ಬಾಯಿಂದಲೂ ಹೇಳಿದರು. ನಾಲ್ವರಲ್ಲಿ ಮೂವರು ಒಮ್ಮೆಯಾದರೂ ತಲೆಬಾಗಿದರು. ಬಳಿಕ ವಿಚಾರಿಸಿದಾಗ, ಕೆಲವರು ತಮ್ಮ ಕಣ್ಣೇ ತಪ್ಪಿರಬೇಕು ಎಂದುಕೊಂಡಿದ್ದರು. ಇನ್ನು ಕೆಲವರಿಗೆ ಸರಿಯುತ್ತರ ಗೊತ್ತಿತ್ತು, ಆದರೆ ಎಲ್ಲರಿಂದ ಬೇರೆಯಾಗಿ ಕಾಣಲು ಮನಸ್ಸಾಗಲಿಲ್ಲ.

ಈ ಪ್ರಯೋಗದ ಇಷ್ಟು ಭಾಗವನ್ನು ಪರೀಕ್ಷೆಗಾಗಿ ಎಲ್ಲರೂ ಓದುತ್ತೇವೆ. ಆದರೆ ಆಷ್ ಅವರು ಇಲ್ಲಿಗೇ ನಿಲ್ಲಲಿಲ್ಲ. ಮುಂದಿನ ಹಂತದಲ್ಲಿ ಅವರು ಗುಂಪಿನಲ್ಲಿ ಒಬ್ಬನಿಗೆ ಮಾತ್ರ ಸರಿಯಾದ ಉತ್ತರ ಹೇಳುವಂತೆ ಸೂಚಿಸಿದರು. ಆ ಒಬ್ಬನ ದನಿ ಕೇಳಿದ್ದೇ ತಡ, ಗುಂಪಿನ ಒತ್ತಡ ಕಾಲುಭಾಗಕ್ಕೆ ಇಳಿಯಿತು. ಇಡೀ ಕೊಠಡಿಯಲ್ಲಿ ಜೊತೆಗಾರ ಒಬ್ಬನೇ ಒಬ್ಬನಿದ್ದರೂ ಮನುಷ್ಯ ತನ್ನ ಕಣ್ಣನ್ನು ತಾನು ನಂಬುತ್ತಾನೆ. ನಮ್ಮ ತರಗತಿಯ ನಗೆಯನ್ನು ನೆನೆದಾಗ ನನಗೆ ಚುಚ್ಚುವುದು ಇದೇ. ಅಂದು ನಕ್ಕವರಲ್ಲಿ ಎಷ್ಟೋ ಮಂದಿಗೆ ಆ ಹಾಸ್ಯ ಹಿಡಿಸಿರಲಾರದು. ಆದರೆ ಪ್ರತಿಯೊಬ್ಬನೂ ಇನ್ನೊಬ್ಬನ ನಗೆಯನ್ನು ಕಂಡು, ಇದು ತನ್ನೊಬ್ಬನಿಗೇ ಹಿಡಿಸಲಿಲ್ಲವೆಂದು ಭಾವಿಸಿದನು.

ಇನ್ನು ನಿಲ್ದಾಣದ ಮಾತು. 1964ರ ಮಾರ್ಚ್ 13ರಂದು ನ್ಯೂಯಾರ್ಕಿನಲ್ಲಿ ಕಿಟ್ಟಿ ಜಿನೊವೀಸ್ ಎಂಬ ತರುಣಿಯ ಕೊಲೆಯಾಯಿತು. 38 ಮಂದಿ ಕಿಟಕಿಯಿಂದ ನೋಡುತ್ತಿದ್ದೂ ಒಬ್ಬರೂ ಪೊಲೀಸರನ್ನು ಕರೆಯಲಿಲ್ಲವೆಂದು ಪತ್ರಿಕೆ ಬರೆಯಿತು. ಲೋಕವೆಲ್ಲ ಮಹಾನಗರದ ಕಲ್ಲೆದೆಯನ್ನು ಹಳಿಯಿತು. ಆ ವರದಿ ಬಹುಮಟ್ಟಿಗೆ ಉತ್ಪ್ರೇಕ್ಷೆಯೆಂದು ಮುಂದೆ ಗೊತ್ತಾಯಿತು. ಅಷ್ಟು ಜನ ಕೊಲೆಯನ್ನು ಕಂಡಿರಲಿಲ್ಲ. ನೆರೆಮನೆಯ ಹೆಂಗಸೊಬ್ಬರು ಓಡಿಬಂದು ಆ ತರುಣಿಯನ್ನು ತೋಳಿನಲ್ಲಿ ಹಿಡಿದುಕೊಂಡಿದ್ದರು. ಅಲ್ಲಿಯೂ ಹೂವಿನವರಂಥ ಒಬ್ಬರು ಇದ್ದರೆಂಬುದನ್ನು ಪತ್ರಿಕೆಯೂ ಪಠ್ಯಪುಸ್ತಕಗಳೂ ಬಹುಕಾಲ ಮರೆತಿದ್ದವು.

ಆದರೆ ಆ ವರದಿಯ ನೆಪದಿಂದ ಹುಟ್ಟಿದ ಸಂಶೋಧನೆ ಸುಳ್ಳಲ್ಲ. ಜಾನ್ ಡಾರ್ಲಿ ಮತ್ತು ಬಿಬ್ ಲಟಾನೆ ಎಂಬಿಬ್ಬರು 1968ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ವಿದ್ಯಾರ್ಥಿಗಳನ್ನು ಬೇರೆ ಬೇರೆ ಕೋಣೆಗಳಲ್ಲಿ ಕೂರಿಸಿ ಧ್ವನಿವರ್ಧಕದ ಮೂಲಕ ಮಾತನಾಡಿಸುತ್ತಿದ್ದಾಗ, ಒಬ್ಬನಿಗೆ ಮೂರ್ಛೆರೋಗ ಬಂದಂತೆ ಕೇಳಿಸಲಾಯಿತು. ಕೇಳುತ್ತಿರುವವನು ತಾನೊಬ್ಬನೇ ಎಂದು ತಿಳಿದವರಲ್ಲಿ ನೂರಕ್ಕೆ 85 ಮಂದಿ ಆ ಕೂಗು ನಿಲ್ಲುವುದರೊಳಗೆ ಎದ್ದು ಹೋಗಿ ತಿಳಿಸಿದರು. ತನ್ನೊಡನೆ ಇನ್ನೂ ನಾಲ್ವರು ಕೇಳುತ್ತಿದ್ದಾರೆಂದು ತಿಳಿದವರಲ್ಲಿ ಹಾಗೆ ಎದ್ದವರು ನೂರಕ್ಕೆ 31 ಮಂದಿ ಮಾತ್ರ. ಏಳದವರು ಕಲ್ಲೆದೆಯವರಾಗಿರಲಿಲ್ಲ, ಅವರ ಕೈ ನಡುಗುತ್ತಿತ್ತು, ಅಂಗೈ ಬೆವರಿತ್ತು. 'ಅವನನ್ನು ಯಾರಾದರೂ ನೋಡಿಕೊಂಡರೇ?' ಎಂದು ಅವರೇ ಕೇಳಿದರು.

ಇಲ್ಲಿ ಎರಡು ಸಂಗತಿಗಳು ಒಟ್ಟಿಗೆ ಕೆಲಸ ಮಾಡುತ್ತವೆ. ಒಂದು, ಹೊಣೆ ಹಂಚಿಹೋಗುವುದು. ರಾಜನ ಆಜ್ಞೆಯಂತೆ ಊರವರೆಲ್ಲರೂ ರಾತ್ರಿ ಕೊಳಕ್ಕೆ ಒಂದೊಂದು ಕೊಡ ಹಾಲು ಸುರಿಯಬೇಕಾದ ಕಥೆಯನ್ನು ನಮ್ಮ ಅಜ್ಜಿಯರು ಹೇಳಿದ್ದಾರೆ. 'ಅಷ್ಟು ಹಾಲಿನಲ್ಲಿ ನನ್ನದೊಂದು ಕೊಡ ನೀರು ಯಾರಿಗೆ ತಿಳಿದೀತು' ಎಂದು ಪ್ರತಿಯೊಬ್ಬನೂ ಎಣಿಸಿದ. ಬೆಳಗಾದಾಗ ಕೊಳದ ತುಂಬ ನೀರೇ ಇತ್ತು. ಎರಡು, ಒಬ್ಬರ ಮುಖವನ್ನು ನೋಡಿ ಇನ್ನೊಬ್ಬರು ಅರ್ಥ ಮಾಡುವುದು. ನಾನು ಗೆಳೆಯನ ಮುಖ ನೋಡಿದೆ. ಅಲ್ಲಿ ಗಾಬರಿ ಕಾಣಲಿಲ್ಲ, ಆದ್ದರಿಂದ ಗಾಬರಿಯ ಸಂಗತಿಯೇನಿಲ್ಲವೆಂದು ತಿಳಿದೆ. ಅವನು ನನ್ನ ಮುಖ ನೋಡಿ ಅದನ್ನೇ ತಿಳಿದ. ಇಬ್ಬರೂ ಗಾಬರಿಯನ್ನು ಒಳಗೆ ಅದುಮಿಟ್ಟುಕೊಂಡು ಪರಸ್ಪರ ಮೋಸಹೋದೆವು.

ಹೂವಿನವರು ಯಾವ ಶಾಸ್ತ್ರವನ್ನೂ ಓದದೆ ಈ ಎರಡು ಗಂಟುಗಳನ್ನೂ ಒಂದೇ ಏಟಿಗೆ ಬಿಚ್ಚಿದರು. ಅವರು ಓಡಿಬಂದದ್ದರಿಂದ ಇದು ಗಾಬರಿಯ ಸಂಗತಿಯೇ ಎಂದು ಎಲ್ಲರಿಗೂ ತಿಳಿಯಿತು. 'ಯಾರಾದರೂ ನೀರು ತನ್ನಿ' ಎನ್ನದೆ 'ಏ ನೀಲಿ ಅಂಗಿ' ಎಂದದ್ದರಿಂದ, ನಲವತ್ತು ಪಾಲಾಗಿದ್ದ ಹೊಣೆ ಇಡಿಯಾಗಿ ನನ್ನ ತಲೆಯ ಮೇಲೆ ಬಂದು ಕುಳಿತಿತು. ಆಪತ್ತಿನಲ್ಲಿ ಗುಂಪನ್ನು ಕೂಗಬೇಡಿ, ಒಬ್ಬನನ್ನು ಗುರುತಿಸಿ ಕೂಗಿ ಎಂದು ಮನಶ್ಶಾಸ್ತ್ರಜ್ಞರು ಹೇಳುವುದೂ ಇದನ್ನೇ. ಅಂಥ ಒಬ್ಬರು ಲೋಕದಲ್ಲಿ ಅಪರೂಪವೂ ಅಲ್ಲ. ಆಮ್‌ಸ್ಟರ್‌ಡ್ಯಾಮ್, ಲ್ಯಾಂಕಾಸ್ಟರ್ ಮತ್ತು ಕೇಪ್‌ಟೌನ್ ನಗರಗಳ ಬೀದಿಯ ಕ್ಯಾಮೆರಾಗಳಲ್ಲಿ ದಾಖಲಾದ 219 ಜಗಳಗಳನ್ನು ಪರಿಶೀಲಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಹತ್ತರಲ್ಲಿ ಒಂಬತ್ತು ಕಡೆ ನೋಡುತ್ತಿದ್ದವರಲ್ಲಿ ಒಬ್ಬರಾದರೂ ಮುಂದೆ ಬಂದಿದ್ದರು. ಕಾನೂನಿನ ಭಯವೂ ಈಗ ನೆಪವಾಗಲಾರದು. ಅಪಘಾತದಲ್ಲಿ ಸದುದ್ದೇಶದಿಂದ ನೆರವಾದವರನ್ನು ಪೊಲೀಸರಾಗಲಿ ಆಸ್ಪತ್ರೆಯವರಾಗಲಿ ಪೀಡಿಸಬಾರದೆಂಬ ಸೂತ್ರಗಳಿಗೆ ಸರ್ವೋಚ್ಚ ನ್ಯಾಯಾಲಯ 2016ರಲ್ಲಿ ಬಲ ಕೊಟ್ಟಿತು. 2019ರ ಮೋಟಾರು ವಾಹನ ತಿದ್ದುಪಡಿ ಕಾನೂನು ಅಂಥವರಿಗೆ ರಕ್ಷಣೆ ನೀಡಿದೆ.

ನೆರವಿಗೆ ಅಡ್ಡಿಯಾಗುವುದು ಗುಂಪೊಂದೇ ಅಲ್ಲ, ಅವಸರವೂ ಹೌದು. 1973ರಲ್ಲಿ ಪ್ರಕಟವಾದ ಪ್ರಿನ್ಸ್‌ಟನ್ನಿನ ಪ್ರಯೋಗವೊಂದರಲ್ಲಿ, ಪಾದ್ರಿಗಳಾಗಲು ಓದುತ್ತಿದ್ದ ತರುಣರು ಭಾಷಣ ಮಾಡಲು ಇನ್ನೊಂದು ಕಟ್ಟಡಕ್ಕೆ ಹೋಗಬೇಕಾಗಿತ್ತು. ದಾರಿಯಲ್ಲಿ ಒಬ್ಬ ನರಳುತ್ತ ಕುಸಿದು ಕುಳಿತಿದ್ದ. ಬೇಕಾದಷ್ಟು ಸಮಯವಿದ್ದವರಲ್ಲಿ ನೂರಕ್ಕೆ 63 ಮಂದಿ ನಿಂತು ನೆರವಾದರು. ಹೊತ್ತಾಯಿತೆಂದು ಅವಸರಪಡಿಸಲ್ಪಟ್ಟವರಲ್ಲಿ ನೂರಕ್ಕೆ 10 ಮಂದಿ. ಅವರಲ್ಲಿ ಹಲವರು ಮಾತನಾಡಲು ಹೊರಟಿದ್ದ ವಿಷಯವಾದರೋ, ದಾರಿಯಲ್ಲಿ ಬಿದ್ದವನನ್ನು ಎತ್ತಿದ ಸಜ್ಜನನ ಕಥೆಯೇ! ದಯೆಯ ಮೇಲೆ ಭಾಷಣ ಮಾಡುವುದೂ ದಯೆ ತೋರುವುದೂ ಬೇರೆ ಬೇರೆ ಎಂಬುದನ್ನು ಲೇಖನ ಬರೆಯುತ್ತಿರುವ ನಾನೂ ನೆನಪಿಡಬೇಕು.

ಪೂರ್ವಗ್ರಹದ ವಿಷಯ ಇದಕ್ಕಿಂತ ಕಠಿಣವಾದದ್ದು. 'ನಾವು' ಮತ್ತು 'ಅವರು' ಎಂಬ ಗೆರೆ ಎಷ್ಟು ಸುಲಭವಾಗಿ ಬೀಳುತ್ತದೆಂಬುದನ್ನು ಹೆನ್ರಿ ತಾಜ್ಫೆಲ್ ತೋರಿಸಿದರು. ಪೋಲೆಂಡಿನ ಯೆಹೂದ್ಯರಾದ ಅವರು ಎರಡನೆಯ ಮಹಾಯುದ್ಧದಲ್ಲಿ ಜರ್ಮನರ ಸೆರೆಯಲ್ಲಿದ್ದು ಹಿಂದಿರುಗಿದಾಗ ಅವರ ಕುಟುಂಬದ ಬಹುತೇಕರು ಉಳಿದಿರಲಿಲ್ಲ. 1970ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಅವರು ಬ್ರಿಸ್ಟಲ್ ನಗರದ ಶಾಲಾ ಹುಡುಗರನ್ನು, ಯಾವ ಚಿತ್ರಕಾರನ ಚಿತ್ರ ಇಷ್ಟವಾಯಿತೆಂಬಂಥ ಕ್ಷುಲ್ಲಕ ಕಾರಣ ಹೇಳಿ ಎರಡು ಪಂಗಡ ಮಾಡಿದರು. ಹಳೆಯ ದ್ವೇಷವಿಲ್ಲ, ಹೊಸ ಜಗಳವಿಲ್ಲ; ತನ್ನ ಪಂಗಡದಲ್ಲಿ ಯಾರಿದ್ದಾರೆಂಬುದೂ ಗೊತ್ತಿಲ್ಲ. ಆದರೂ ಹಣ ಹಂಚಲು ಹೇಳಿದಾಗ ಹುಡುಗರು ತಮ್ಮ ಪಂಗಡಕ್ಕೇ ಹೆಚ್ಚು ಕೊಟ್ಟರು. ಅಷ್ಟು ತೆಳುವಾದ ಗೆರೆಯೇ ಇಷ್ಟು ಮಾಡುವುದಾದರೆ, ಸಾವಿರಾರು ವರ್ಷಗಳಿಂದ ತಿದ್ದಿ ತಿದ್ದಿ ದಪ್ಪವಾದ ನಮ್ಮ ಜಾತಿಯ ಗೆರೆ ಏನು ಮಾಡದು? ಸುಖದೇವ್ ಥೋರಟ್ ಮತ್ತು ಪಾಲ್ ಆಟ್‌ವೆಲ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪತ್ರಿಕೆಗಳಲ್ಲಿ ಬಂದ ಖಾಸಗಿ ಉದ್ಯೋಗಗಳ ಜಾಹೀರಾತುಗಳಿಗೆ ಸಮಾನ ವಿದ್ಯಾರ್ಹತೆಯ ಅರ್ಜಿಗಳನ್ನು ಕಳುಹಿಸಲಾಯಿತು, ಹೆಸರುಗಳಷ್ಟೇ ಬೇರೆ. ದಲಿತರದೆಂದೂ ಮುಸ್ಲಿಮರದೆಂದೂ ತೋರುವ ಹೆಸರುಗಳಿಗೆ ಮೇಲ್ಜಾತಿಯ ಹೆಸರುಗಳಿಗಿಂತ ಕಡಿಮೆ ಕರೆಗಳು ಬಂದವು. ಅಂದು ನಾವು ನಕ್ಕ ನಗೆ ತರಗತಿಯ ನಾಲ್ಕು ಗೋಡೆಗಳೊಳಗೇ ಮುಗಿಯುವಂಥದಲ್ಲವೆಂಬುದಕ್ಕೆ ಇದು ಸಾಕ್ಷಿ.

'ಎಲ್ಲರೂ ಕೂಡಿ ಬಾಳಿದರೆ ಇದು ತಾನಾಗಿಯೇ ಹೋಗುತ್ತದೆ' ಎನ್ನುವವರಿದ್ದಾರೆ. ಹಾಗೆಂದರೆ ಅರ್ಧ ಸತ್ಯ. ಹಳ್ಳಿಯಲ್ಲಿ ಒಡೆಯನೂ ಆಳೂ ತಲೆತಲಾಂತರದಿಂದ ದಿನವೂ ಮುಖ ನೋಡಿದ್ದಾರೆ; ಲೋಟ ಮಾತ್ರ ಬೇರೆಯಾಗಿಯೇ ಉಳಿದಿತ್ತು. ಗಾರ್ಡನ್ ಆಲ್‌ಪೋರ್ಟ್ ಅವರು 1954ರ ತಮ್ಮ ಗ್ರಂಥದಲ್ಲಿ ಇದಕ್ಕೆ ಷರತ್ತುಗಳನ್ನು ಹೇಳಿದ್ದಾರೆ: ಕೂಡುವವರು ಸಮಾನ ಸ್ಥಾನದಲ್ಲಿರಬೇಕು, ಇಬ್ಬರಿಗೂ ಒಂದೇ ಗುರಿಯಿರಬೇಕು, ಅದಕ್ಕಾಗಿ ಕೈಜೋಡಿಸಿ ದುಡಿಯಬೇಕು, ಮೇಲಿನವರ ಬೆಂಬಲವಿರಬೇಕು. ಅದೇ 1954ರ ಬೇಸಿಗೆಯಲ್ಲಿ ಮುಜಫರ್ ಶೆರೀಫ್ ಅವರು ಓಕ್ಲಹೋಮದ ಶಿಬಿರವೊಂದರಲ್ಲಿ 22 ಹುಡುಗರನ್ನು ಎರಡು ತಂಡ ಮಾಡಿ ಪಂದ್ಯಗಳಿಗೆ ಹಚ್ಚಿದರು, ಜಗಳ ಹತ್ತಿಕೊಂಡಿತು. ಒಟ್ಟಿಗೆ ಊಟಕ್ಕೆ ಕೂರಿಸಿದರೆ ಅನ್ನ ಎಸೆದಾಡಿದರು. ನೀರಿನ ತೊಟ್ಟಿ ಕೆಟ್ಟಾಗ, ಲಾರಿ ನಿಂತುಹೋದಾಗ, ಎರಡು ತಂಡವೂ ಸೇರದೆ ಗತಿಯಿಲ್ಲವೆಂದಾದಾಗ ಮಾತ್ರ ವೈರ ಕರಗಿತು. ಇಲ್ಲಿ ಇನ್ನೊಂದು ಮಾತು: ಹಿಂದಿನ ವರ್ಷ ಶೆರೀಫರು ಇಂಥದೇ ಶಿಬಿರ ನಡೆಸಿದ್ದಾಗ ಹುಡುಗರು ಅಷ್ಟಾಗಿ ಕಾದಾಡದೆ ಪ್ರಯೋಗವೇ ಅರ್ಧಕ್ಕೆ ನಿಂತಿತ್ತು. ಜಗಳ ಹುಟ್ಟಲು ಹಿರಿಯರ ಕೈವಾಡವೂ ಬೇಕೆಂಬುದು ಅದರಿಂದ ತಿಳಿಯುತ್ತದೆ.

ನಮ್ಮ ದೇಶದ ಸಾಕ್ಷ್ಯವೂ ಇದೆ. ಮ್ಯಾಟ್ ಲೋ ಎಂಬ ಅರ್ಥಶಾಸ್ತ್ರಜ್ಞರು ಉತ್ತರ ಪ್ರದೇಶದ ಹಳ್ಳಿಗಳಲ್ಲಿ ನೂರಾರು ಯುವಕರನ್ನು ಸೇರಿಸಿ ಕ್ರಿಕೆಟ್ ಪಂದ್ಯಾವಳಿ ನಡೆಸಿ, ಫಲಿತಾಂಶವನ್ನು 2021ರಲ್ಲಿ ಪ್ರಕಟಿಸಿದರು. ಕೆಲವು ತಂಡಗಳಲ್ಲಿ ಒಂದೇ ಜಾತಿಯವರು. ಕೆಲವುಗಳಲ್ಲಿ ಹಲವು ಜಾತಿಯವರು. ಒಂದೇ ತಂಡದಲ್ಲಿ ಆಡಿದವರ ನಡುವೆ ಜಾತಿಯನ್ನು ದಾಟಿದ ಗೆಳೆತನ ಬೆಳೆಯಿತು. ಎದುರಾಳಿಗಳಾಗಿ ಆಡಿದವರಲ್ಲಿ ಅದು ಕುಗ್ಗಿತು. ಆದ್ದರಿಂದ ಕೂಡುವುದು ಮುಖ್ಯವಲ್ಲ, ಹೇಗೆ ಕೂಡುತ್ತೇವೆ ಎಂಬುದು ಮುಖ್ಯ.

ಹಾಗಾದರೆ ನಾವು ಕಾಲೇಜಿನಲ್ಲಿ ಹೇಗೆ ಕೂಡುತ್ತಿದ್ದೇವೆ? ಗೆಳೆಯರನ್ನು ಗುಣ ನೋಡಿ ಆರಿಸಿಕೊಂಡಿದ್ದೇವೆಂದು ನಾವೆಲ್ಲರೂ ಹೆಮ್ಮೆಪಡುತ್ತೇವೆ. ಅಮೆರಿಕದ ಮೇರಿಲ್ಯಾಂಡಿನಲ್ಲಿ ತರಬೇತಿಗೆ ಸೇರಿದ ಪೊಲೀಸರನ್ನು ಹೆಸರಿನ ಅಕ್ಷರಕ್ರಮದಲ್ಲಿ ಕೂರಿಸಿ, ಅದೇ ಕ್ರಮದಲ್ಲಿ ಕೋಣೆಗಳನ್ನು ಕೊಡುತ್ತಿದ್ದರು. ಕೆಲವು ತಿಂಗಳ ಬಳಿಕ ನಿಮ್ಮ ಆಪ್ತರು ಯಾರೆಂದು ಕೇಳಿದರೆ, ಅಕ್ಷರಮಾಲೆಯಲ್ಲಿ ಪಕ್ಕದಲ್ಲಿದ್ದವರ ಹೆಸರುಗಳನ್ನೇ ಬಹುಮಟ್ಟಿಗೆ ಹೇಳಿದರೆಂದು 1974ರ ಅಧ್ಯಯನವೊಂದು ವರದಿ ಮಾಡಿದೆ. ಪಕ್ಕದಲ್ಲಿ ಕುಳಿತವನು ಗೆಳೆಯನಾಗುತ್ತಾನೆ, ವಿಷಯ ಇಷ್ಟೇ. ನಾವಾದರೋ ಮೊದಲ ದಿನವೇ ಒಂದೇ ಊರಿನ, ಒಂದೇ ವಿದ್ಯಾರ್ಥಿನಿಲಯದ, ಆಳಕ್ಕೆ ಹೋದರೆ ಒಂದೇ ಜಾತಿಯ ಬೆಂಚುಗಳನ್ನು ಹಿಡಿದು ಮೂರು ವರ್ಷ ಅಲ್ಲಿಂದ ಏಳುವುದಿಲ್ಲ.

ಅಧ್ಯಾಪಕರಲ್ಲಿ ನನ್ನ ವಿನಂತಿಯೊಂದಿದೆ. ತರಗತಿಯ ಕೆಲಸಕ್ಕೆ ತಂಡ ಮಾಡುವಾಗ 'ನೀವೇ ಸೇರಿಕೊಳ್ಳಿ' ಎನ್ನಬೇಡಿ, ಚೀಟಿ ಎತ್ತಿಸಿರಿ. ತಂಡಕ್ಕೆಲ್ಲ ಒಂದೇ ಅಂಕವೆಂದು ಸಾರಿರಿ. ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರದಲ್ಲಿ ಬೇರೆ ಬೇರೆ ಬೆಂಚಿನವರನ್ನು ಒಂದೇ ಅಡಿಗೆಯ ಸರದಿಗೆ ಹಾಕಿರಿ. ಇವು ಸಣ್ಣ ಕೆಲಸಗಳು. ಆದರೆ ಆಲ್‌ಪೋರ್ಟ್ ಹೇಳಿದ ನಾಲ್ಕು ಷರತ್ತುಗಳೂ ಇವುಗಳಲ್ಲಿ ಈಡೇರುತ್ತವೆ.

'ಎಲ್ಲವೂ ಸನ್ನಿವೇಶದ ಆಟವಾದರೆ ನಿನ್ನ ತಪ್ಪೇನು?' ಎಂದು ಗೆಳೆಯನೊಬ್ಬ ನನ್ನನ್ನು ಸಮಾಧಾನಪಡಿಸಿದ. ಈ ಸಮಾಧಾನವನ್ನು ನಾನು ಒಪ್ಪಲಾರೆ. ದಾರಿಯಲ್ಲಿ ಹಳ್ಳವಿದೆಯೆಂದು ತಿಳಿಯದೆ ಬಿದ್ದವನನ್ನು ಕ್ಷಮಿಸಬಹುದು. ತಿಳಿದೂ ಬಿದ್ದವನಿಗೆ ಆ ಅನುಕೂಲವಿಲ್ಲ. ಆಷ್ ಅವರ ಕೊಠಡಿಯಲ್ಲಿ ನಾಲ್ವರಲ್ಲಿ ಒಬ್ಬ ಒಮ್ಮೆಯೂ ತಲೆಬಾಗಲಿಲ್ಲವೆಂಬುದನ್ನು ಮರೆಯಬಾರದು. ಸನ್ನಿವೇಶ ಅವನಿಗೂ ಅದೇ ಆಗಿತ್ತು.

ಕಳೆದ ತಿಂಗಳು ನಾನು ಕೊನೆಯ ಬೆಂಚಿಗೆ ಹೋಗಿ ಆ ಸಹಪಾಠಿಯ ಪಕ್ಕದಲ್ಲಿ ಕುಳಿತೆ. ಇದನ್ನು ಸಾಧನೆಯೆಂದು ಹೇಳುತ್ತಿಲ್ಲ. ಎಂಟು ತಿಂಗಳು ತಡವಾಗಿ ಕುಳಿತವನು ಯಾವ ಬಾಯಿಂದ ಹೇಳಲಿ? ಈ ಲೇಖನವನ್ನು ಅವನಿಗೆ ತೋರಿಸಿ, ಅವನ ಒಪ್ಪಿಗೆ ಪಡೆದೇ ಅಚ್ಚಿಗೆ ಕೊಟ್ಟಿದ್ದೇನೆ. ಆಷ್ ಅವರ ಪ್ರಯೋಗದ ಭಾಗವನ್ನು ಅವನು ಎರಡು ಸಲ ಓದಿದ. ಅನಂತರ ಹೀಗೆಂದ: "ಅವತ್ತು ನಾನು ಎಲ್ಲರ ಮುಖಾನೂ ನೋಡ್ದೆ ಕಣೋ. ನಗದೆ ಇರೋನು ಒಬ್ಬ ಸಿಕ್ಕಿದ್ರೆ ನಾನೂ ನಗ್ತಿರಲಿಲ್ಲ."

ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಮುಂದಿನ ಸಲ ಅವನಂಥ ಒಬ್ಬ ನಮ್ಮ ಮುಖಗಳನ್ನು ಹುಡುಕುವಾಗ, ನಗದೆ ಇರುವ ಮುಖ ಒಂದಾದರೂ ಅವನ ಕಣ್ಣಿಗೆ ಬೀಳಲಿ. ಅದು ಯಾರದೆಂದು ಅಕ್ಕಪಕ್ಕ ನೋಡುವುದು ಬೇಡ.

— ಅಂತಿಮ ವರ್ಷದ ಬಿ.ಎ. ವಿದ್ಯಾರ್ಥಿ